ಅಡ್ಡ ಬಂದ ಅಡ್ಡಹೆಸರು

ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಸ್ನಾತಕೋತ್ತರ ಪ್ರಬಂಧವನ್ನು ನಿಮ್ಮ ಕಚೇರಿ ಮತ್ತೆ ಹಿಂದಿರುಗಿಸಿದೆ. ಕಾರಣ, ನಾನು ಅಧ್ಯಯನ ಮಾಡಿದ ಕವಿಗೆ ಅಡ್ಡಹೆಸರು, ಅಂದರೆ ಹೆಸರಿನ ಕೊನೆಗೆ ಸೇರುವ ಮನೆತನದ ಹೆಸರು, ಇಲ್ಲ. ಶುಕ್ರವಾರದೊಳಗೆ ಅವರಿಗೊಂದು ಅಡ್ಡಹೆಸರು ಹುಟ್ಟಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತದಂತೆ.

ನಿಯಮಗಳ ಮೇಲೆ ನನಗೆ ಹಗೆಯಿಲ್ಲ. ಎಡಗಡೆ ಒಂದೂವರೆ ಅಂಗುಲ ಅಂಚು ಬಿಡಿ ಎಂದಿರಿ, ಬಿಟ್ಟೆ. ಅಡಿಟಿಪ್ಪಣಿ ತೆಗೆದು ಆಕರವನ್ನು ಸಾಲಿನ ಪಕ್ಕದಲ್ಲೇ ಆವರಣದೊಳಗೆ ಕೊಡಿ ಎಂದಿರಿ, ಕೊಟ್ಟೆ. ಐವತ್ತರ ಹೊಸ್ತಿಲಲ್ಲಿ ನಿಂತು, ಅಲ್ಪವಿರಾಮ ಎಲ್ಲಿಡಬೇಕೆಂದು ಮಗಳ ವಯಸ್ಸಿನವರಿಂದ ಹೇಳಿಸಿಕೊಂಡೆ. ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ಯಾರ ಮಾತನ್ನು ಎಲ್ಲಿಂದ ಪಡೆದೆವೆಂದು ಹೇಳುವುದು ಋಣ ಒಪ್ಪಿಕೊಳ್ಳುವ ಕೆಲಸ. ಅದಕ್ಕೆ ಶಿಸ್ತು ಬೇಕು. ಆದರೆ ಆ ಋಣವನ್ನು ಬೇರೆಯವರಿಗೆ ತೀರಿಸು ಎನ್ನುವುದು ಯಾವ ಶಿಸ್ತು?

ನನ್ನ ಕವಿ ನಿವೃತ್ತ ನರ್ಸ್. ಹೆರಿಗೆ ವಾರ್ಡಿನಲ್ಲಿ ದುಡಿಯುತ್ತ ಬರೆದ ಕವಿತೆಗಳನ್ನು ಒಂದೇ ಒಂದು ಪುಸ್ತಕವಾಗಿ ತಂದರು. ಮುಖಪುಟದ ಮೇಲಿರುವುದು ತಾಯಿ ಇಟ್ಟ ಹೆಸರು ಮಾತ್ರ. ಪುಸ್ತಕ ಅಚ್ಚಿಗೆ ಹೋಗುವಾಗ ಅವರ ಪತಿ, "ಹೆರಿಗೆ, ರಕ್ತ ಅಂತೆಲ್ಲ ಬರ್ದು ಅದರ ಪಕ್ಕ ನನ್ನ ಹೆಸರು ಹಾಕ್ಬೇಡ. ನಾಲ್ಕು ಜನರ ಮಧ್ಯೆ ಓಡಾಡೋನು ನಾನು" ಎಂದಿದ್ದರಂತೆ. ಇವರು ಹಾಕಲಿಲ್ಲ. ಪತಿ ಈಗಿಲ್ಲ.

ಇದನ್ನು ನಿಮ್ಮ ಗುಮಾಸ್ತರಿಗೆ ಹೇಳಿದೆ.

"ಅಡ್ಡಹೆಸರಿನ ಕಾಲಂ ಖಾಲಿ ಬಿಡೋ ಹಾಗಿಲ್ಲ ಮೇಡಂ. ಗಂಡನ ಹೆಸರು ಇರುತ್ತಲ್ಲ, ಹಾಕಿ ಮುಗಿಸಿ."

"ಕವಿತೆ ಬರೆದಿದ್ದು ಅವರ ಗಂಡ ಅಲ್ಲವಲ್ಲ."

"ಬರೆದೋರು ಯಾರು ಅಂತ ಕಂಪ್ಯೂಟರ್ ಎಲ್ಲಿ ಕೇಳುತ್ತೆ? ಕೊನೇ ಹೆಸರು ಏನು ಅಂತ ಕೇಳುತ್ತೆ."

ಕಾಲಂನಲ್ಲಿ ಒಂದು ಚುಕ್ಕಿ ಇಟ್ಟು ಕಳಿಸಿದೆ. "ಚುಕ್ಕಿ ಹೆಸರಲ್ಲ" ಎಂಬ ಕೆಂಪು ಷರಾ ಹೊತ್ತು ಮರಳಿತು. ಒಪ್ಪಿದೆ ಸ್ವಾಮಿ, ಚುಕ್ಕಿ ಹೆಸರಲ್ಲ. ಗಂಡನ ಹೆಸರು ಮಾತ್ರ ಹೆಂಡತಿಯ ಹೆಸರು ಹೇಗಾಯಿತು?

ಇದು ಬರಿಯ ಕಾಲಂ ತುಂಬುವ ಮಾತಾಗಿದ್ದರೆ ನಾನೂ ಹಲ್ಲು ಕಚ್ಚಿ ತುಂಬುತ್ತಿದ್ದೆನೇನೋ. ನಿಮ್ಮದೇ ಕೈಪಿಡಿಯ ಮುಂದಿನ ನಿಯಮ ನೋಡಿ: ಪ್ರಬಂಧದ ಒಳಗೆ ಲೇಖಕರ ಅಡ್ಡಹೆಸರನ್ನು ಮಾತ್ರ ಕೊಡತಕ್ಕದ್ದು. ಅಂದರೆ ಅವರ ಸ್ವಂತ ಹೆಸರು ಕೊನೆಯ ಗ್ರಂಥಸೂಚಿಯಲ್ಲಿ ಇನಿಷಿಯಲ್ ಎಂಬ ಒಂದಕ್ಷರವಾಗಿ ಮುದುರಿ ಕೂರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸುವ ಕೈಯ ಬಗ್ಗೆ ಇರುವ ಸಾಲಿನ ಪಕ್ಕ, ಸತ್ತು ಹುಟ್ಟಿದ ಕೂಸನ್ನು ಒರೆಸಿ ತಾಯಿಗೆ ತೋರಿಸುವ ಸಾಲಿನ ಪಕ್ಕ, ಆವರಣದೊಳಗೆ ಆ ಮಹನೀಯರ ಹೆಸರು. ಓದುವವರು ಇದನ್ನು ಯಾರು ಬರೆದರೆಂದು ತಿಳಿಯಬೇಕು? ಕೃತಿಚೌರ್ಯ ತಡೆಯಲೆಂದು ಮಾಡಿದ ನಿಯಮವೇ ಕಳವಿಗೆ ರಸೀದಿ ಬರೆದುಕೊಟ್ಟರೆ ದೂರು ಕೊಡುವುದು ಯಾವ ಠಾಣೆಯಲ್ಲಿ?

ಕಣ್ಣು ಮಂಜಾದ ಅವರಿಗೆ ಪ್ರತಿ ಅಧ್ಯಾಯವನ್ನೂ ನಾನೇ ಓದಿ ಹೇಳಿದ್ದೇನೆ. ಈ ಸುದ್ದಿಯನ್ನೂ ನಾನೇ ಹೇಳಬೇಕಾಯಿತು. ಮೊದಲು ನಕ್ಕರು. "ಬೇಡ ಬೇಡ ಅಂದೋರು, ಹೋದ್ಮೇಲೆ ಸಾಲು ಸಾಲಿಗೂ ಬಂದು ಕೂರ್ತಾರಂತಾ?" ಆಮೇಲೆ ನನ್ನ ಕೈಯನ್ನು ತಡವಿ ಹಿಡಿದುಕೊಂಡು, "ನಿನ್ನ ಓದು ಹಾಳಾಗೋದು ಬೇಡ ಕಣಮ್ಮ. ಹಾಕ್ಬಿಡು. ಆದ್ರೆ ಆ ಪ್ರತೀನ ನನ್ನ ಮುಂದೆ ಓದ್ಬೇಡ" ಎಂದರು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಒಂದೇ ಹೆಸರಿರುವ ಲೇಖಕರನ್ನು ಆ ಹೆಸರಿನಿಂದಲೇ ಉಲ್ಲೇಖಿಸಬಹುದೆಂದು ಲಿಖಿತ ಆದೇಶ ಹೊರಡಿಸಿ. ಆಗದಿದ್ದರೆ ಪ್ರಬಂಧವನ್ನು ತಿರಸ್ಕರಿಸಿ, ಕಾರಣವನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಆ ಹೆಸರನ್ನು ನಾನು ಹಾಕುವುದಿಲ್ಲ. ಅವರೆದುರು ಓದಲಾಗದ್ದನ್ನು ನಿಮಗೆ ಒಪ್ಪಿಸಿ ಪಡೆಯುವ ಪದವಿ ನನಗೆ ಬೇಡ.

ಇಂತಿ,
ಶುಕ್ರವಾರದವರೆಗಷ್ಟೇ ನಿಮ್ಮ ವಿದ್ಯಾರ್ಥಿನಿ