ಎರಡನೆಯ ಒಬ್ಬಟ್ಟು

ಚಾಮರಾಜನಗರ,
ಮಂಗಳವಾರ

ಎಲೆಯ ಮುಂದೆ ಕುಳಿತ ಮಹಾಜನರೇ, ಬೀಗರೇ, ಬಕೆಟ್ಟು ಹಿಡಿದು ನಿಂತ ವೀರರೇ,

ತುಂಬಿದ ಪಂಕ್ತಿಯಲ್ಲಿ ಬೈಸಿಕೊಂಡವನು ತುಂಬಿದ ಪಂಕ್ತಿಗೇ ಉತ್ತರ ಕೊಡಬೇಕು. ಆದರೆ ಪಂಕ್ತಿ ಎದ್ದು ಹೋಯಿತು; ಅಕ್ಕಾ, ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಭಾಷಣ ನಿನಗೆ ಕಾಗದದಲ್ಲಿ.

ಗುಂಡ್ಲುಪೇಟೆಯಲ್ಲಿ ನಿನ್ನ ಮಗಳು ನಯನಾಳ ಮದುವೆ ಊಟಕ್ಕೆ ಸೋದರಮಾವನಾಗಿ ಬೀಗರ ಪಕ್ಕ ಕುಳಿತೆ. ಒಂದು ಒಬ್ಬಟ್ಟು ತಿಂದೆ. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಯಾಕ್ಲಾ ಸೋಮೇಶ, ನಾ ಬಡ್ಸುದ್ರೆ ಇಸ ಆಗ್ಬುಡ್ತದಾ? ಹೊಟ್ಟೆ ಆಪರೇಸನ್ ಆಗಿ ಆರು ವರ್ಸಾಯ್ತು, ಇನ್ನೂ ಯಾವ ಪಥ್ಯ ಕಣ್ಲಾ ನಿಂದು?" ಎಂದೆ ನೀನು. ಬೀಗರೆಲ್ಲ ನಕ್ಕರು.

ಆರಲ್ಲ, ಅರವತ್ತು ವರ್ಷವಾದರೂ ಇದೇ ಪಥ್ಯ. ಹೊಟ್ಟೆಯನ್ನು ಕೊಯ್ದು ಕಿರಿದು ಮಾಡಿದರು, ಆಸೆಯನ್ನು ಮಾತ್ರ ಹಿರಿದಾಗಿಯೇ ಬಿಟ್ಟರು. ನೂರ ಮೂವತ್ತೆಂಟು ಕೆ.ಜಿ.ಯಿಂದ ಎಂಬತ್ತಾರಕ್ಕೆ ಇಳಿದದ್ದು ಡಾಕ್ಟರ ಕೈಚಳಕ. ಅಲ್ಲೇ ನಿಂತದ್ದು ನನ್ನ ಹಟ. ಅರ್ಧ ಮುದ್ದೆ, ಒಂದು ಸೌಟು ಸಾರು, ಬೆಳಿಗ್ಗೆ ನಡಿಗೆ ಒಂದು ಗಂಟೆ ಜೋರು. ಆದ್ದರಿಂದ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ನಿನಗೆ ಮೊಮ್ಮಗು ಹುಟ್ಟಿ ನಾಮಕರಣಕ್ಕೆ ಕರೆದರೂ ಕೈ ಅಡ್ಡ ಹಿಡಿಯುತ್ತೇನೆ, ಬೇಕಾದರೆ ಎರಡೂ ಕೈ.

ಸುಳ್ಳು, ಅಕ್ಕಾ. ನೀನು ಮುನಿಸಿನಲ್ಲೂ ಕಟ್ಟಿಕೊಟ್ಟ ಡಬ್ಬಿಯಲ್ಲಿದ್ದ ನಾಲ್ಕು ಒಬ್ಬಟ್ಟನ್ನೂ ಬಸ್ಸಿನಲ್ಲೇ, ಕಿಟಕಿಯ ಕಡೆ ತಿರುಗಿಕೊಂಡು ತಿಂದೆ. ಒಂದು ವರ್ಷದಿಂದ ಹೀಗೇ ಕದ್ದು ತಿನ್ನುತ್ತಿದ್ದೇನೆ. ಈಗ ತೊಂಬತ್ತೇಳು ಕೆ.ಜಿ.; ಮದುವೆಗೆ ದೊಗಲೆ ಜುಬ್ಬಾ ತೊಟ್ಟು ಬಂದದ್ದು ಅದಕ್ಕೇ. ಶುಕ್ರವಾರ ಮೈಸೂರಿನಲ್ಲಿ ಡಾಕ್ಟರನ್ನು ನೋಡಬೇಕು, ಒಬ್ಬನೇ ಹೋಗಲು ಹೆದರಿಕೆ. ಜೊತೆಗೆ ಬಾ.

ನಿನ್ನ ತಮ್ಮ,
ಸೋಮೇಶ