ಎಂಟು ಅಡಿ ಸರಿದ ತೊಟ್ಟಿ

ಮೊಹರು ಹಾಕಿಸಿದ ಮಾನ್ಯ ಅಬಕಾರಿ ಅಧಿಕಾರಿಗಳೇ,

ಹರಿಹರದ ಹೊರಗಿರುವ ನಮ್ಮ ಪುಟ್ಟ ವೈನ್ ಘಟಕದ ಬಾಗಿಲಿಗೆ ತಾವು ಮೊಹರು ಹಾಕಿಸಿ ಇಂದಿಗೆ ಹನ್ನೊಂದು ದಿನ. ಒಳಗೆ ಎರಡು ತೊಟ್ಟಿ ರಸ ಹಾಳಾಗಿದೆ. ಮೂರನೆಯದು ಇನ್ನೂ ಬದುಕಿರಬಹುದು. ಅದಕ್ಕಾಗಿ ಈ ಪತ್ರ.

ನಮ್ಮ ಅಪರಾಧ ಊರಿಗೂ ತಿಳಿಯಲಿ. ಕಳೆದ ಮಳೆಗಾಲದಲ್ಲಿ ಶೆಡ್ಡಿನ ಚಾವಣಿ ಸೋರಿತು. ಒಂದು ಉಕ್ಕಿನ ತೊಟ್ಟಿಯನ್ನು ಎಂಟು ಅಡಿ ಆಚೆ ಸರಿಸಿದೆವು. ಪರವಾನಗಿಯ ನಕ್ಷೆಯಲ್ಲಿ ಅದಿನ್ನೂ ಹಳೆಯ ಮೂಲೆಯಲ್ಲೇ ನಿಂತಿದೆ. ಸರಿಸಿದ್ದನ್ನು ಡಿಸೆಂಬರಿನಲ್ಲೇ ಬರೆದು ತಿಳಿಸಿ, ತಮ್ಮ ಕಚೇರಿಯ ಸ್ವೀಕೃತಿ ಮುದ್ರೆಯನ್ನೂ ಪಡೆದಿದ್ದೆ. ಆದರೂ ಕೊಯ್ಲಿನ ನಾಲ್ಕನೇ ದಿನ ತಮ್ಮ ಸಿಬ್ಬಂದಿ ಬಂದು, "ಅಳತೆ ಆಗೋವರೆಗೂ ಯಾರೂ ಒಳಗೆ ಹೋಗಂಗಿಲ್ರಿ, ಎರಡು ದಿನದ ಮಾತು" ಎಂದು ಬೀಗ ಜಡಿದು, ಅರಗು ಒತ್ತಿ ಹೋದರು. ದಾವಣಗೆರೆಯಿಂದ ಒಂದು ಅಳತೆಪಟ್ಟಿ ಹದಿನಾಲ್ಕು ಕಿಲೋಮೀಟರ್ ಬರಲು ಎಷ್ಟು ದಿನ ಬೇಕು ಸ್ವಾಮಿ?

ಕೆಂಪು ವೈನ್ ತಮ್ಮ ಕಡತದಂತಲ್ಲ, ಇಟ್ಟಲ್ಲಿ ಸುಮ್ಮನಿರುವುದಿಲ್ಲ. ರಸ ಹುದುಗುವಾಗ ದ್ರಾಕ್ಷಿ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರ ಕಟ್ಟುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಕೋಲಿನಿಂದ ಒತ್ತಿ ಮುಳುಗಿಸದಿದ್ದರೆ ಹುಳಿ ಹಿಡಿಯುತ್ತದೆ. ಆರು ವರ್ಷದಿಂದ ಆ ಕೆಲಸ ನಮ್ಮ ಕೆಲಸಗಾರ್ತಿ ಚೌಡವ್ವನದು. ಬೀಗ ಬಿದ್ದ ಮೇಲೂ ಆಕೆ ಎರಡು ಹೊತ್ತು ಬಂದು ಕಿಟಕಿಯ ಸರಳಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. "ಒಳಗೆ ಕುದಿಯೋ ಸದ್ದು ಐತವ್ವ, ಕೈ ಹಾಕಾಕ ಆಗವಲ್ದು" ಎನ್ನುತ್ತಿದ್ದಳು. ಐದನೇ ದಿನ ಎರಡು ತೊಟ್ಟಿಯ ಸದ್ದು ನಿಂತಿತ್ತು. ಕೋಲನ್ನು ಗೋಡೆಗೊರಗಿಸಿ ಮನೆಗೆ ನಡೆದಳು.

ನಾನು ತಮ್ಮ ಕಚೇರಿಯ ಮೆಟ್ಟಿಲನ್ನು ಏಳು ಸಲ ಹತ್ತಿದೆ.

"ಸಾಹೇಬ್ರು ಟ್ರೈನಿಂಗಲ್ಲಿ ಅದಾರೆ. ಸೋಮವಾರ ಬರ್ರಿ" ಎಂದರು ಗುಮಾಸ್ತರು.

"ಅಷ್ಟೊತ್ತಿಗೆ ವಿನೆಗರ್ ಆಗಿರ್ತೈತ್ರಿ" ಎಂದೆ.

"ವಿನೆಗರ್‌ಗೆ ನಮ್ಮ ಪರ್ಮಿಶನ್ ಬ್ಯಾಡ ಬಿಡ್ರಿ" ಎಂದು ನಕ್ಕರು. ನಾನೂ ನಕ್ಕೆ, ಅರ್ಜಿದಾರರು ನಗಬೇಕಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ನಮ್ಮದು ಹೆಂಡ ಮುಟ್ಟದ ಮನೆತನ. ನಾನೂ ಯಜಮಾನರು ಕೊಟ್ಟೂರೇಶರೂ ವೈನ್ ಮಾಡಲು ಹೊರಟಾಗಿನಿಂದ ನಮ್ಮತ್ತೆ ಕಸ್ತೂರಮ್ಮ ಶೆಡ್ಡಿನತ್ತ ತಲೆ ಹಾಕಿದವರಲ್ಲ. ಒಂಬತ್ತನೇ ದಿನ ಆ ಹುಳಿ ವಾಸನೆ ಅಡುಗೆಮನೆಯವರೆಗೂ ಬಂತು. ಅವರು ಎದ್ದು ಹೋಗಿ, ಮೂಗಿಗೆ ಸೆರಗು ಹಿಡಿದು ಕಿಟಕಿಯಲ್ಲಿ ಬಹಳ ಹೊತ್ತು ನೋಡಿದರು.

"ಇದು ತಾನಾಗೇ ಕೆಟ್ಟಿದ್ದೇನವ್ವ, ಕೆಡಿಸಿದ್ದಾ?"

ಉತ್ತರ ತಮ್ಮ ಬಳಿ ಇದ್ದರೆ ದಯವಿಟ್ಟು ಅವರಿಗೇ ತಿಳಿಸಿ.

ಬಳ್ಳಿಯಲ್ಲುಳಿದ ಹಣ್ಣು ಸುಕ್ಕುಗಟ್ಟುತ್ತಿದೆ; ಕೊಯ್ದರೆ ಸುರಿಯಲು ಜಾಗವಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ, ಅಳೆಯಿರಿ, ತಪ್ಪಿದ್ದರೆ ದಂಡ ಹಾಕಿ, ಬಾಗಿಲು ತೆರೆಯಿರಿ. ಬಾರದಿದ್ದರೆ ಹತ್ತೂವರೆಗೆ ಮೊಹರನ್ನು ನಾನೇ ಒಡೆಯುತ್ತೇನೆ. ಪೊಲೀಸರಿಗೆ ತಾವೇ ಹೇಳಿಡಿ, ಓಡಿಹೋಗುವುದಿಲ್ಲ. ಒಳಗೆ ಹೋಗುವವರು ಮೂವರು: ನಾನು, ಚೌಡವ್ವ, ಮತ್ತು 'ನಾನೂ ಬರ್ತೀನಿ' ಎಂದು ಹಟ ಹಿಡಿದಿರುವ ನಮ್ಮತ್ತೆ.

ಇಂತಿ,
ನಾಳೆ ಹತ್ತೂವರೆಯವರೆಗೆ ಮಾತ್ರ ಕಾನೂನು ಪಾಲಕಳಾದ
ಪೂಜಾ ಕೊಟ್ಟೂರೇಶ್
ಹರಿಹರ