ಕಲ್ಲು ಜೋಡಿಸಿದ್ದು ನಾನೇ

ಅನುರಾಗ್,

ಆಫೀಸಿನಿಂದ ಬಂದವನೇ ಮೀನಿನ ಟ್ಯಾಂಕ್ ನೋಡಿ ಕೂಗಾಡಬೇಡ. ಕಲ್ಲುಗಳನ್ನು ಮತ್ತೆ ಜೋಡಿಸಿದ್ದು ನಾನೇ. "ಅದನ್ನ ಮುಟ್ಬೇಡಮ್ಮ" ಅಂತ ನೀನು ಹೇಳಿದ್ದು ನೆನಪಿದೆ. ಆದರೆ ಮರಳಿನ ಮೇಲೆ ನೀನು ನಿಲ್ಲಿಸಿದ್ದ ಕಲ್ಲು ಬೆರಳು ತಾಕಿದರೆ ಅಲ್ಲಾಡುತ್ತಿತ್ತು. ಮರಳು ಸರಿಸಿ ಗಾಜಿನ ತಳಕ್ಕೇ ಕೂರಿಸಿದ್ದೇನೆ. ನಲವತ್ತು ವರ್ಷ ದಸರೆಗೆ ಗೊಂಬೆ ಕೂರಿಸಿದ ಕೈ ಇದು, ಇನ್ನು ಅಲ್ಲಾಡುವುದಿಲ್ಲ.

ನನ್ನದೂ ಒಂದು ತಪ್ಪಾಯಿತು. ಬೆಳಿಗ್ಗೆ ಮೊದಲು ಗೊಂಬೆ ಮೆಟ್ಟಿಲಿನ ಹಾಗೆ ಹಿಂದಿನ ಗಾಜಿಗೆ ಒರಗಿಸಿ ಮೂರು ಸಾಲು ಕಟ್ಟಿದೆ. ನೋಡಲು ಬಹಳ ಲಕ್ಷಣವಾಗಿತ್ತು. ಆ ಕಿತ್ತಳೆ ಮೀನು ಮಾತ್ರ, ಪಾಪ, ಎರಡು ಗಂಟೆ ಮೂಲೆ ಬಿಟ್ಟು ಕದಲಲಿಲ್ಲ. ಎಲ್ಲ ಬಿಚ್ಚಿ, ಹಿಂದೆ ನೀರು ಆಡಲು ಜಾಗ ಬಿಟ್ಟು, ನಡುವೆ ಒಂದು ಗವಿ ಮಾಡಿದೆ. ಒಳಗೆ ಹೊಕ್ಕಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೊರಗೆ ಬಂದು ಟ್ಯಾಂಕ್ ತುಂಬ ಓಡಾಡಿತು.

ನೀರು ಕದಡಿದೆ, ನಾಳೆಗೆ ತಿಳಿಯಾಗುತ್ತದೆ. ಗಾಬರಿಬಿದ್ದು ಕೈ ಹಾಕಬೇಡ.

ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊ. ನಾನು ಪಕ್ಕದ ಮನೆಯ ನಿವೇದಿತಾ ಕಾರಿನಲ್ಲಿ ಕ್ಯಾಂಪ್‌ಬೆಲ್ ಪೇಟೆಗೆ ಗ್ರೋಸರಿ ತರಲು ಹೋಗಿದ್ದೇನೆ.

ತನ್ವಿ ಸ್ಕೂಲಿನಿಂದ ಬಂದು ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ನಿನ್ನೆ ನೀನು ಮಗಳ ಮೇಲೆ ರೇಗಿ, "ಇನ್ಮೇಲೆ ಈ ಬಾಗಿಲು ಹಾಕ್ಕೊಳ್ಳೋ ಹಾಗಿಲ್ಲ" ಅಂದಿದ್ದು ನನಗೂ ಕೇಳಿಸಿತು. ಇವತ್ತು ಹೋಗಿ ಬಾಗಿಲು ಬಡಿಯಬೇಡ. ಇಬ್ಬರಿಗೂ ತಟ್ಟೆ ಹಾಕಿ, ಸುಮ್ಮನೆ ಕೂತಿರು.

ಅಮ್ಮ